ಲಗೇಜಿಗೆ ಬೇರೆ ಟಿಕೆಟ್

ಬಸ್ಸಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಹುಡುಗರು ಇದನ್ನೂ ತುಂಡು ಮಾಡಿ, ಹಿಂದೆ ಒಂದು ಹಾಡು ಸೇರಿಸಿ, ಸಂಜೆಯೊಳಗೆ ಊರಿಡೀ ಹಂಚಿಬಿಟ್ಟಾರು. ಬೆಳಿಗ್ಗೆ ಕಾರ್ಕಳದಿಂದ ಹೊರಟು ನಿಟ್ಟೆ, ಬೆಳ್ಮಣ್, ಪಡುಬಿದ್ರಿ, ಕಾಪು, ಕಟಪಾಡಿ ದಾಟಿ ಉಡುಪಿಗೆ ಬಂದು, ಕೊನೆಗೆ ಮಣಿಪಾಲದಲ್ಲಿ ಉಸಿರು ಬಿಡುವ ಬಸ್ಸು ಎಂದರೆ ಸಾಕು. ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ನಿಟ್ಟೆಯಲ್ಲಿ ಹತ್ತುವವಳು. ಇದಕ್ಕಿಂತ ಹತ್ತಿರದ ದಾರಿ ಇಲ್ಲವೆಂದಲ್ಲ. ಆದರೆ ಇದರಲ್ಲಿ ಕೂರಲು ಸೀಟು ಸಿಗುತ್ತದೆ, ನಡುವೆ ಬಸ್ಸು ಬದಲಿಸುವ ರಗಳೆ ಇಲ್ಲ. ಮತ್ತೆ, ನಿಜ ಹೇಳಬೇಕೆಂದರೆ, ಅದರಲ್ಲಿ ಲೀಲಾಧರ ಇದ್ದ.

ಲೀಲಾಧರ ಆ ಬಸ್ಸಿನ ಕಂಡಕ್ಟರ್. ಎಲ್ಲರಿಗೂ ಲೀಲಣ್ಣ. ಕಾಪುವಿನಲ್ಲಿ ಕಡಲ ಬದಿಯ ಮನೆ. ಅಪ್ಪ, ಅಜ್ಜ, ಮಾವಂದಿರು ಎಲ್ಲ ದೋಣಿಯವರು. ಇವನೊಬ್ಬನಿಗೆ ಮಾತ್ರ ನೀರಿನ ಮೇಲೆ ಹೊಟ್ಟೆ ತೊಳಸುತ್ತದೆ. ಮೀಸೆ ಮೂಡುವ ಮೊದಲು ಒಮ್ಮೆ ದೋಣಿ ಹತ್ತಿ, ದಡ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ವಾಂತಿ ಮಾಡಿಕೊಂಡು, ಇಡೀ ಕೇರಿಯ ನಗೆಗೆ ಗುರಿಯಾದವನು. ಆಮೇಲೆ ಬಹಳ ಕಾಲ ಮೀನಿನ ಹೆಂಗಸರು ಅವನನ್ನು ಕಂಡರೆ ಹೊಟ್ಟೆ ಹಿಡಿದುಕೊಂಡು ಓಕರಿಸಿದ ಹಾಗೆ ಮಾಡಿ ತೋರಿಸುತ್ತಿದ್ದರಂತೆ. ಆ ನಗೆಯಿಂದ ತಪ್ಪಿಸಿಕೊಳ್ಳಲಿಕ್ಕೆ ಬಸ್ಸು ಹತ್ತಿದೆ ಎಂದು ಅವನೇ ನಮಗೆ ಹೇಳಿ ನಗಿಸುತ್ತಿದ್ದ. ಅಷ್ಟು ನಗೆ ತಿಂದವನಿಗೆ ನಗೆಯ ರುಚಿ ಗೊತ್ತಿರಬೇಕಿತ್ತು ಎಂದು ನನಗೆ ಈಗ ಅನಿಸುತ್ತದೆ.

ಅವನು ಕೆಲಸ ಮಾಡುವುದನ್ನು ನೋಡಬೇಕು. ಹಿಂದಿನ ಬಾಗಿಲಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ. ಬಾಯಲ್ಲಿ ವಿಸಿಲ್, ಕೈ ಬಸ್ಸಿನ ತಗಡಿನ ಮೇಲೆ. ಬನ್ನಿ ಎಂದು ಹತ್ತುವವರಿಗೆ ತುಳುವಿನಲ್ಲಿ “ಬಲೆ ಬಲೆ,” ಹತ್ತಿದವರಿಗೆ “ಮುಂದೆ ಹೋಗಿ, ಮುಂದೆ ಚಾಪೆ ಹಾಸಿ ಇಟ್ಟಿದ್ದೇನೆ,” ಹೋಗೋಣ ಎಂದು ಡ್ರೈವರ್ ಮೌರಿಸ್‌ಗೆ “ಪೋಯಿ ಪೋಯಿ ಪೋಯಿ.” ನಮ್ಮ ಕಡೆಯ ಬಸ್ಸುಗಳಿಗೆ ಟೈಮಿಂಗ್ ಎಂದರೆ ಪ್ರಾಣ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸು ಬೆನ್ನು ಮುಟ್ಟುತ್ತದೆ, ನಮ್ಮ ಜನರನ್ನು ಅದು ಹೊತ್ತೊಯ್ಯುತ್ತದೆ. ತನ್ನ ಬಸ್ಸನ್ನು ಇನ್ನೊಂದು ಬಸ್ಸು ಹಿಂದೆ ಹಾಕುವುದೆಂದರೆ ಲೀಲಾಧರನಿಗೆ ಅವಮಾನ.

ಯಾರ ಹೆಸರನ್ನೂ ಅವನು ಕೇಳುತ್ತಿರಲಿಲ್ಲ. ಹತ್ತುವ ಸ್ಟಾಪೇ ಹೆಸರು. ನಾನು ‘ನಿಟ್ಟೆ ಅಕ್ಕ’. ಅಡ್ವೆಯಲ್ಲಿ ಹತ್ತುವ ಮಾಸ್ತರರು ‘ಅಡ್ವೆ’. ಹೆಸರು ಎಂತಕ್ಕೆ, ಹತ್ತುವ ಜಾಗ ಇಳಿಯುವ ಜಾಗ ಗೊತ್ತಿದ್ದರೆ ಸಾಕು ಎನ್ನುವುದು ಅವನ ಲೆಕ್ಕ. ನಮಗೂ ಅದು ಚೆಂದವೇ ಕಾಣುತ್ತಿತ್ತು.

ಇಂಥವನನ್ನು ಹುಡುಗರು ಬಿಟ್ಟಾರೆಯೇ? ನಿಟ್ಟೆಯಲ್ಲಿ ಹತ್ತುವ ಹಾಸ್ಟೆಲಿನವರು, ಕಾಪುವಿನಲ್ಲಿ ಹತ್ತುವ ಪಿಯುಸಿ ಮಕ್ಕಳು ಎಲ್ಲರೂ ಅವನನ್ನು ಫೋನಿನಲ್ಲಿ ಹಿಡಿಯುವವರೇ. ನಮ್ಮ ಜಿಲ್ಲೆಯ ಮಕ್ಕಳಿಗೆ ಬಸ್ಸಿನ ಹುಚ್ಚು ಒಂದು ವಿಚಿತ್ರ ಹುಚ್ಚು. ಯಾವ ಬಸ್ಸಿಗೆ ಯಾವ ಹಾರ್ನು, ಯಾವ ಬಸ್ಸು ಯಾವುದನ್ನು ಎಲ್ಲಿ ಹಿಂದೆ ಹಾಕಿತು ಎಂದು ಹಗಲಿಡೀ ಇನ್‌ಸ್ಟಾಗ್ರಾಮಿನಲ್ಲಿ ಜಗಳ. ಅದರಲ್ಲಿ ‘ಲೀಲಣ್ಣ ರೈಟ್’ ಎಂಬ ಒಂದು ಪೇಜು ಹುಟ್ಟಿಕೊಂಡಿತು. ಅವನು ನೇತಾಡುವುದು, ವಿಸಿಲ್ ಊದುವುದು, ಓಡುವ ಬಸ್ಸಿಗೆ ಹಾರಿ ಹತ್ತುವುದು, ಎಲ್ಲವೂ ಹಾಡಿನೊಟ್ಟಿಗೆ. ಸಾವಿರಾರು ಜನ ನೋಡುವವರು. ಯಾರು ಮಾಡುವುದೋ ಗೊತ್ತಿಲ್ಲ ಅಕ್ಕ, ಯಾರೋ ನಿಟ್ಟೆಯ ಮಕ್ಕಳಿರಬೇಕು ಎಂದು ನಾಚಿಕೊಳ್ಳುತ್ತಿದ್ದ. ನಿಟ್ಟೆ ಬರುವ ಮೊದಲು ತಲೆ ಬಾಚಿಕೊಳ್ಳುವುದನ್ನೂ ಶುರು ಮಾಡಿದ. ನಾವು ತಮಾಷೆ ಮಾಡಿದರೆ ಬಾಚಣಿಗೆಯನ್ನು ಕಿಸೆಗೆ ಹಾಕಿ ಹಲ್ಲು ಕಿರಿಯುತ್ತಿದ್ದ.

ಬೆಳ್ಮಣ್ಣಿನಲ್ಲಿ ಒಬ್ಬಳು ಹುಡುಗಿ ಹತ್ತುತ್ತಿದ್ದಳು. ಹರಿಪ್ರಿಯಾ. ಉಡುಪಿಯಲ್ಲಿ ಪಿಯುಸಿ. ತಂದೆ ವಿದ್ಯಾಧೀಶ ಭಟ್ಟರು ದೇವಸ್ಥಾನದ ಪೂಜೆಯವರು, ತಾಯಿ ಮನೆಯಲ್ಲಿ ಹಲಸಿನ ಹಪ್ಪಳ ಮಾಡುತ್ತಾರೆ. ಆ ಹಪ್ಪಳ ಉಡುಪಿಯ ಒಂದು ಅಂಗಡಿಗೆ ಹೋಗುವುದು ಈ ಹುಡುಗಿಯ ಕೈಯಲ್ಲಿ. ದೊಡ್ಡ ಬಟ್ಟೆಯ ಚೀಲ. ಭಾರವಿಲ್ಲ, ಒಳಗೆ ಗಾಳಿಯೇ ಜಾಸ್ತಿ. ಆದರೆ ಒತ್ತಿದರೆ ಹಪ್ಪಳ ಪುಡಿಯಾಗುತ್ತದೆ. ಹಾಗಾಗಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಹಿಡಿದುಕೊಂಡು ಹತ್ತುತ್ತಿದ್ದಳು. ಹುಡುಗಿಯದ್ದು ಸ್ವಲ್ಪ ದಪ್ಪ ಮೈ. ಚೀಲದೊಟ್ಟಿಗೆ ಬಾಗಿಲಲ್ಲಿ ನುಗ್ಗಲು ಹೊತ್ತು ಹಿಡಿಯುತ್ತಿತ್ತು. ಬಂದು ನನ್ನ ಪಕ್ಕ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಫೋನ್ ಇಟ್ಟುಕೊಂಡು ಉಡುಪಿಯವರೆಗೆ ತಲೆ ಎತ್ತುತ್ತಿರಲಿಲ್ಲ. ಬೆಳಿಗ್ಗೆ ತಿಂದ ತಿಂಡಿಯಿಂದ ಹಿಡಿದು ಮನೆಯ ದನ ಕರು ಹಾಕಿದ್ದರವರೆಗೆ ಎಲ್ಲವನ್ನೂ ಅದಕ್ಕೆ ಹಾಕುವವಳು.

ಲೀಲಾಧರ ಅವಳಿಗೆ ಇಟ್ಟ ಹೆಸರು ‘ಬೆಳ್ಮಣ್ ಲಗೇಜು’. “ಲಗೇಜು ಬಂತು, ಜಾಗ ಬಿಡಿ. ಲಗೇಜಿಗೆ ಬೇರೆ ಟಿಕೆಟ್ ಉಂಟು,” ಎಂದು ದಿನಾ ಕೂಗುತ್ತಿದ್ದ. ಅವನು ಹೇಳಿದ್ದು ಚೀಲಕ್ಕೆ. ಅದಕ್ಕೆ ಟಿಕೆಟಿನ ದುಡ್ಡು ಒಂದು ದಿನವೂ ತೆಗೆದುಕೊಂಡವನಲ್ಲ. ಬಸ್ಸಿನಲ್ಲಿ ನಗದವರು ಯಾರೂ ಇರಲಿಲ್ಲ, ಆ ಹುಡುಗಿಯೂ ಅರ್ಧ ನಗುತ್ತಿದ್ದಳು. ಅರ್ಧ ನಗುವವರ ಇನ್ನರ್ಧ ಏನು ಮಾಡುತ್ತಿದೆ ಎಂದು ನಾವು ಯಾರೂ ನೋಡುವುದಿಲ್ಲ.

ದೀಪಾವಳಿಯ ಮುಂಚಿನ ವಾರ ಒಂದು ಬೆಳಿಗ್ಗೆ ಬಸ್ಸು ತಡವಾಗಿತ್ತು. ಹಿಂದಿನ ಬಸ್ಸು ಹಾರ್ನು ಹೊಡೆಯುತ್ತ ಬೆನ್ನಿಗೆ ಬಂದಿತ್ತು. ಹರಿಪ್ರಿಯಾಳ ಒಂದು ಕಾಲು ಮೆಟ್ಟಿಲ ಮೇಲೆ ಬಂದದ್ದಷ್ಟೇ, ಲೀಲಾಧರ ವಿಸಿಲ್ ಊದಿದ, ಮೌರಿಸ್ ಗಾಡಿ ಎಳೆದ. ಹುಡುಗಿ ಮೊಣಕಾಲಿನ ಮೇಲೆ ಬಿದ್ದಳು, ಚೀಲ ಅವಳ ಮೈಯ ಕೆಳಗೆ. ಲೀಲಾಧರನೇ ರಟ್ಟೆ ಹಿಡಿದು ಒಳಗೆ ಎಳೆದುಕೊಂಡ. ಎಂತ ಆಗಲಿಲ್ಲ ಅಲ್ವಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದ. ಮೊಣಕಾಲಿನಿಂದ ರಕ್ತ ಬರುತ್ತಿತ್ತು. ನಾನು ನನ್ನ ಕರವಸ್ತ್ರ ಕಟ್ಟಿದೆ. ಅವಳು ಅತ್ತದ್ದು ಮೊಣಕಾಲಿಗೆ ಅಲ್ಲ, ಚೀಲಕ್ಕೆ ಕೈ ಹಾಕಿ ನೋಡಿದಾಗ.

ಉಡುಪಿ ಬರುವ ಮೊದಲೇ ಅವಳು ಮೊಣಕಾಲಿನದ್ದೂ ಹಪ್ಪಳದ ಪುಡಿಯದ್ದೂ ಫೋಟೋ ಹಾಕಿ, ಬಸ್ಸಿನ ಹೆಸರು ಬರೆದು, ಎರಡು ಕಾಲೂ ಒಳಗೆ ಬಂದ ಮೇಲೆ ವಿಸಿಲ್ ಹಾಕಿದರೆ ಎಂತ ಹೋಗ್ತದೆ ಎಂದು ಕೇಳಿದ್ದಳು. ಕೇಳಿದ್ದರಲ್ಲಿ ತಪ್ಪೇನಿತ್ತು?

ಮರುದಿನ ‘ಲೀಲಣ್ಣ ರೈಟ್’ ಪೇಜಿನಲ್ಲಿ ಉತ್ತರ ಬಂತು. ಅವಳೇ ಹಿಂದೊಮ್ಮೆ ಹಾಕಿದ್ದ ಅಕ್ಕನ ಮದುವೆಯ ಫೋಟೋದಿಂದ ಕತ್ತರಿಸಿದ ಅವಳ ಚಿತ್ರ, ಅದನ್ನು ಸರಕಿನ ಲಾರಿಯೊಂದರ ಮೇಲೆ ಕೂರಿಸಿದ್ದರು. ಹಿಂದೆ ಲೀಲಾಧರನದ್ದೇ ಧ್ವನಿ, ತುಳುವಿನಲ್ಲಿ: ಲಗೇಜು ಹತ್ತಿತು, ಬಸ್ಸು ಕುಳಿತಿತು. ಆಮೇಲೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವ ಅಣಕು, ಆಮೇಲೆ ನಗೆ. ಒಬ್ಬ ಹಾಕಿದ್ದನ್ನು ಹತ್ತು ಜನ ಹಂಚಿದರು. ತೂಕ ಎಷ್ಟು ಎಂದು ಕೇಳಿದರು, ಲಗೇಜು ಬಸ್ಸಿನ ಮೇಲಿನ ಕ್ಯಾರಿಯರಿನಲ್ಲಿ ಹೋಗಲಿ ಎಂದರು. ಕಾಲೇಜಿನ ಗ್ರೂಪಿನಲ್ಲಿ ಅವಳ ಮುಖದ ಸ್ಟಿಕರ್ ಬಂತು. ಬಸ್ಸಿನಲ್ಲಿ ಅವಳು ಹತ್ತುವಾಗ ಹಿಂದಿನ ಸೀಟಿನಿಂದ ಲಾರಿ ಹಿಂದೆ ಬರುವಾಗಿನ ಬೀಪ್ ಬೀಪ್ ಸದ್ದು ಬರತೊಡಗಿತು. ಯಾರು ಎಂದು ತಿರುಗಿದರೆ ಎಲ್ಲರ ತಲೆಯೂ ಫೋನಿನೊಳಗೆ. ಅವಳೂ ಸುಮ್ಮನಿರಲಿಲ್ಲ, ಒಬ್ಬೊಬ್ಬರಿಗೂ ಉತ್ತರ ಬರೆದಳು. ಬರೆದ ಒಂದೊಂದು ಉತ್ತರಕ್ಕೂ ಹೊಸದೊಂದು ಸ್ಟಿಕರ್. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಒಂದು ಸೋಮವಾರ ಬೆಳ್ಮಣ್ಣಿನಲ್ಲಿ ಅವಳು ಇರಲಿಲ್ಲ. ಮಂಗಳವಾರವೂ ಇಲ್ಲ. ವಾರ ಕಳೆಯಿತು. ಲೀಲಾಧರ ಆ ಸ್ಟಾಪಿನಲ್ಲಿ ಒಮ್ಮೆ ಆಚೀಚೆ ನೋಡಿ, ಲಗೇಜು ಎಲ್ಲಿ, ರಜೆಯಾ ಎಂದು ನನ್ನನ್ನೇ ಕೇಳಿದ. ಅವನಿಗೆ ಏನೂ ಗೊತ್ತಿಲ್ಲವೋ, ಗೊತ್ತಿಲ್ಲದವರ ಹಾಗೆ ಇದ್ದಾನೋ ಎಂದು ನನಗೆ ಕೋಪ ಬಂತು.

ಭಾನುವಾರ ನಾನು ಬೆಳ್ಮಣ್ಣಿನಲ್ಲಿ ಇಳಿದು ಅವರ ಮನೆಗೆ ಹೋದೆ. ಹುಡುಗಿ ಒಳಕೋಣೆಯಲ್ಲಿ ಮಲಗಿದ್ದಳು, ಫೋನ್ ಮುಖದ ಮುಂದೆ. ಅದನ್ನು ನೋಡುವುದು ಬಿಡು ಮಗಾ ಎಂದರೆ ಎದ್ದು ಕುಳಿತು ಹೇಳಿದಳು:

“ನೋಡದಿದ್ದರೆ ಅವರು ಎಂತ ಹೇಳ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ ಆಂಟಿ. ಗೊತ್ತಾಗದೆ ಇರುವುದು ಇನ್ನೂ ಹೆದರಿಕೆ.”

ಮೊಣಕಾಲು ಒಣಗಿತ್ತು. ಒಣಗಿದ ಹಕ್ಕಳೆಯನ್ನು ಮಾತಾಡುತ್ತಲೇ ಉಗುರಿನಿಂದ ಎಬ್ಬಿಸುತ್ತಿದ್ದಳು. ಫೋನಿನೊಟ್ಟಿಗೂ ಅವಳು ಮಾಡುತ್ತಿದ್ದದ್ದು ಅದನ್ನೇ. ಊಟ ಸರಿಯಾಗಿ ಸೇರುವುದಿಲ್ಲ, ಸೇರಿದರೂ ತಟ್ಟೆ ನೋಡಿ ಅಳುತ್ತಾಳೆ ಎಂದು ತಾಯಿ ಅಡಿಗೆಮನೆಯಲ್ಲಿ ಪಿಸುಗುಟ್ಟಿದರು. ಭಟ್ಟರು ಮಾತ್ರ ನಿರ್ಧಾರ ಮಾಡಿ ಆಗಿತ್ತು. ಮುಂದಿನ ವಾರ ಕಾಲೇಜಿಗೆ ಹೋಗಿ ಟಿಸಿ ತರುವುದು, ಹುಡುಗಿ ಮನೆಯಲ್ಲಿರುವುದು, ಮುಂದಿನದ್ದು ಮುಂದೆ. ವರ್ಷದ ನಡುವೆ ಟಿಸಿ ಎಂದರೆ ವರ್ಷ ಹೋಯಿತು. ಹಪ್ಪಳ ಲಟ್ಟಿಸುತ್ತ ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಕಾಲೇಜು ಮೆಟ್ಟಿಲು ಹತ್ತುತ್ತಾಳೆ ಎಂಬ ನಂಬಿಕೆ ನನಗೂ ಇರಲಿಲ್ಲ, ಅವಳ ತಾಯಿಗೂ ಇರಲಿಲ್ಲ.

ಸೋಮವಾರ ಬಸ್ಸು ಹತ್ತಿದವಳೇ ಲೀಲಾಧರನನ್ನು ಕರೆದೆ. ಕೇಳು ನಿನ್ನ ಕೀರ್ತಿಯನ್ನು ಎಂದು ಫೋನ್ ಅವನ ಕಿವಿಗೆ ಹಿಡಿದೆ. ಅವನು ಮೊದಲು ನಗುಮುಖದಲ್ಲೇ ಕೇಳಿದ. ಆಮೇಲೆ ಫೋನನ್ನು ಕೈಗೆ ತೆಗೆದುಕೊಂಡ, ಇನ್ನೊಮ್ಮೆ ಹಾಕಿ ಎಂದ. ಎರಡನೆಯ ಸಲ ಕೇಳುವಾಗ ಕಣ್ಣು ಮುಚ್ಚಿಕೊಂಡಿದ್ದ.

ನಾನು ಅಷ್ಟು ಸಲ ಕೇಳಿಯೂ ಗಮನಿಸದ್ದನ್ನು ಅವನು ಆಗ ತೋರಿಸಿದ. ಅವನ ಧ್ವನಿಯ ಹಿಂದೆ, ನಗೆಯ ಅಡಿಯಲ್ಲಿ, ಒಬ್ಬಳು ಮುದುಕಿ ಬೆಕ್ಕಿಗೆ ಬೈಯುತ್ತಿದ್ದಳು. ಮೀನು ಕೊಯ್ಯುವಾಗ ಹತ್ತಿರ ಬಂದ ಬೆಕ್ಕನ್ನು ಓಡಿಸುವ ಬೈಗುಳ.

“ಅದು ನನ್ನ ಅಮ್ಮ, ಅಕ್ಕ,” ಎಂದ. “ಇದು ಬಸ್ಸಿನಲ್ಲಿ ಹೇಳಿದ್ದಲ್ಲ. ನನ್ನ ಮನೆಯ ಅಡಿಗೆಕೋಣೆ.”

ಪಡುಬಿದ್ರಿಯವರೆಗೆ ಅವನು ವಿಸಿಲ್ ಊದಲಿಲ್ಲ. ಕೈಯಲ್ಲಿ ತಗಡು ತಟ್ಟಿ ಬಸ್ಸು ಬಿಡಿಸಿದ. ಮೌರಿಸ್ ಕನ್ನಡಿಯಲ್ಲಿ ಎರಡು ಸಲ ಹಿಂದೆ ನೋಡಿದ. ಕಾಪುವಿನಲ್ಲಿ ಅವನ ಮಗಳು ಅಕ್ಷಿತಾ ಹತ್ತಿದಳು. ಅವಳೂ ಉಡುಪಿಯಲ್ಲಿ ಪಿಯುಸಿ ಓದುವವಳು. ಅಪ್ಪನಿಗೆ ನಕ್ಕಳು. ಅವನು ಅವಳ ಕೈಯ ಫೋನನ್ನು ನೋಡಿ ಆಚೆ ತಿರುಗಿದ.

ಮುಂದಿನದ್ದನ್ನು ಅವನೇ ಹೇಳಿದ್ದು, ಒಂದು ದಿನ ಮಣಿಪಾಲದಲ್ಲಿ ಎಲ್ಲರೂ ಇಳಿದ ಮೇಲೆ. ನಾನೂ ಇಳಿಯಬೇಕಿತ್ತು, ಅವನ ಮುಖ ನೋಡಿ ಕುಳಿತೆ. ಹರಿಪ್ರಿಯಾ ಬಿದ್ದ ದಿನ ಮನೆಗೆ ಹೋಗಿ ಅವನು ಅದನ್ನು ಕಥೆ ಮಾಡಿ ಹೇಳಿದ್ದನಂತೆ. ಅವನ ತಾಯಿ ಬೇಬಿಯಕ್ಕ ಬಂಗುಡೆ ಮೀನು ಕೊಯ್ಯುತ್ತಿದ್ದರು, ಹೆಂಡತಿ ಕಮಲ ತೆಂಗಿನಕಾಯಿ ಹೆರೆಯುತ್ತಿದ್ದಳು, ಮಗಳು ಮೇಜಿನ ಹತ್ತಿರ. ಹುಡುಗಿ ಹತ್ತಿದ್ದು ಹೇಗೆ, ಬಸ್ಸು ಕುಳಿತದ್ದು ಹೇಗೆ ಎಂದು ಅಭಿನಯಿಸಿ ತೋರಿಸಿದ. ಎಲ್ಲರೂ ನಕ್ಕರು. ಹುಡುಗಿಗೆ ರಕ್ತ ಬಂದದ್ದನ್ನು ಮಾತ್ರ ಹೇಳಲಿಲ್ಲ, ಹೇಳಿದರೆ ಕಥೆ ಕೆಡುತ್ತಿತ್ತು. ಫೋನ್ ಅಲ್ಲೇ ಇತ್ತು. ಅವರ ಮನೆಯಲ್ಲಿ ಫೋನೆಂದರೆ ಉಪ್ಪಿನ ಡಬ್ಬಿಯ ಹಾಗೆ, ಯಾವಾಗಲೂ ಮೇಜಿನ ಮೇಲೆಯೇ. ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಪೇಜು ಅಕ್ಷಿತಾಳದ್ದೇ. ಅಪ್ಪನಿಗೆ ಗೊತ್ತಾಗದ ಹಾಗೆ ಬೇಸಿಗೆ ರಜೆಯಲ್ಲಿ ಶುರು ಮಾಡಿದ್ದು. ಕೇರಿಯವರು ಇನ್ನೂ ವಾಂತಿಯ ಲೀಲಾಧರ ಎಂದು ಕರೆಯುವ ಅಪ್ಪನನ್ನು ಊರೆಲ್ಲ ಹೀರೋ ಎಂದು ನೋಡಬೇಕೆಂದು ಅವಳಿಗೆ ಆಸೆ. ಆ ಆಸೆಯನ್ನು ನಾನು ತಪ್ಪು ಎನ್ನಲಾರೆ. ಲೀಲಾಧರ ಅವಳನ್ನು ಕೂರಿಸಿ ಕೇಳಿದಾಗ ಅವಳು ಹೇಳಿದಳಂತೆ, ಆ ಹುಡುಗಿ ಹಾಕಿದ್ದನ್ನು ಮಾಲಕರು ನೋಡಿದ್ದರೆ ನಿಮ್ಮ ಕೆಲಸ ಹೋಗುತ್ತಿತ್ತು, ನಾನು ನಿಮಗೋಸ್ಕರ ಹಾಕಿದ್ದು ಎಂದು. ಅಷ್ಟೇಯಾ ಎಂದು ಇವನು ಕೇಳಿದ. ಆಗ ಹೇಳಿದಳು:

“ಒಂದೇ ದಿನದಲ್ಲಿ ಅಷ್ಟು ಜನ ನೋಡಿದರು ಅಪ್ಪ. ಮತ್ತೆ ತೆಗೆಯಲಿಕ್ಕೆ ಮನಸ್ಸು ಬರಲಿಲ್ಲ.”

ಆ ದಿನವೇ ತೆಗೆದಳು. ತೆಗೆದು ಏನು ಪ್ರಯೋಜನ, ಅಷ್ಟರಲ್ಲಿ ಅದು ನೂರು ಫೋನುಗಳಲ್ಲಿತ್ತು. ಹೊರಟ ಬಸ್ಸನ್ನು ವಿಸಿಲ್ ಹಾಕಿ ನಿಲ್ಲಿಸಬಹುದು ಅಕ್ಕ, ಇದಕ್ಕೆ ವಿಸಿಲೇ ಇಲ್ಲ ಎಂದ ಲೀಲಾಧರ. ಅವನು ಹೇಳಿದ ಮೇಲೆ ಅಕ್ಷಿತಾ ಪೇಜಿನಲ್ಲಿ ಬರೆದಳು: ಧ್ವನಿ ನನ್ನ ಅಪ್ಪನದ್ದು, ರೆಕಾರ್ಡ್ ಮಾಡಿದ್ದು ನಾನು, ಮಾಡಿದ್ದು ತಪ್ಪು, ಆ ಹುಡುಗಿಯನ್ನು ಬಿಟ್ಟುಬಿಡಿ. ಅಷ್ಟಾದದ್ದೇ ತಡ, ಅದೇ ಹುಡುಗರು ಇವಳ ಮೇಲೆ ಬಿದ್ದರು. ಹೆಣ್ಣು ನಡೆಸುತ್ತಿದ್ದ ಪೇಜಾ ಎಂದರು, ಮೋಸ ಎಂದರು. ಅವಳ ಫೋಟೋಕ್ಕೆ ಬಂಗುಡೆಯ ತಲೆ ಅಂಟಿಸಿದರು, ಹತ್ತಿರ ಹೋದರೆ ನಾತ ಎಂದು ಬರೆದರು. ಮೊನ್ನೆಯವರೆಗೆ ಲೀಲಣ್ಣ ದೇವರು ಎಂದವರೇ ಬರೆದದ್ದು.

“ಈಗ ನನ್ನವಳೂ ಊಟ ಮಾಡುವುದಿಲ್ಲ,” ಎಂದ. “ಬೈಯಲಿಕ್ಕೆ ಬಾಯಿ ಬರುವುದಿಲ್ಲ ಅಕ್ಕ. ಬೈದರೆ ಯಾರಿಗೆ ಬೈಯುವುದು? ಶುರು ಮಾಡಿದ್ದು ನಾನೇ ಅಲ್ವಾ.”

ಟಿಸಿಯ ವಿಷಯ ನಾನು ಆಗ ಹೇಳಿದೆ. ಅವನು ಬಸ್ಸಿನ ಬಾಗಿಲನ್ನು ಹಾಕಿ, ತೆಗೆದು, ಮತ್ತೆ ಹಾಕಿದ. ಭಾನುವಾರ ತನ್ನನ್ನು ಆ ಮನೆಗೆ ಕರೆದುಕೊಂಡು ಹೋಗಬೇಕು ಎಂದ.

ಭಾನುವಾರ ಅವನು ಬದಲಿ ಕಂಡಕ್ಟರನ್ನು ಹಾಕಿ ಬಂದ, ಜೊತೆಗೆ ಅಕ್ಷಿತಾ. ಖಾಕಿ ಅಂಗಿಯಿಲ್ಲದ ಲೀಲಾಧರನನ್ನು ನಾನು ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಯಾರದೋ ಮದುವೆಗೆ ದಾರಿ ತಪ್ಪಿ ಬಂದವನ ಹಾಗೆ ಕಾಣುತ್ತಿದ್ದ. ಭಟ್ಟರು ಚಾವಡಿಯಲ್ಲಿ ಕೂರಲು ಹೇಳಿದರು. ತಾಯಿ ಬೆಲ್ಲ, ನೀರು ತಂದಿಟ್ಟರು. ಎಂಥ ಕೋಪವಿದ್ದರೂ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ನಮ್ಮಲ್ಲಿ ಯಾರೂ ಮಾತು ಶುರು ಮಾಡುವುದಿಲ್ಲ. ಅವನು ಅದನ್ನು ಮುಟ್ಟಲಿಲ್ಲ.

ತಪ್ಪಾಯಿತು ಭಟ್ರೆ ಎಂದ. ವಿಸಿಲ್ ಹಾಕಿದ್ದೂ ತಪ್ಪು, ಆಮೇಲಿನದ್ದು ಅದಕ್ಕಿಂತ ದೊಡ್ಡ ತಪ್ಪು ಎಂದ. ಭಟ್ಟರು ಗೋಡೆಯ ಕ್ಯಾಲೆಂಡರ್ ನೋಡುತ್ತ, ಆಗುವುದು ಆಯಿತು, ನಾಡಿದ್ದು ಕಾಲೇಜಿಗೆ ಹೋಗಿ ಬರೆದುಕೊಡುವವನಿದ್ದೇನೆ, ಇನ್ನು ಈ ವಿಷಯ ಬೇಡ ಎಂದರು. ಅಷ್ಟರಲ್ಲಿ ಒಳಬಾಗಿಲಿಗೆ ಹರಿಪ್ರಿಯಾ ಬಂದು ನಿಂತಳು. ಕೂದಲು ಬಾಚಿರಲಿಲ್ಲ. ನೇರ ಲೀಲಾಧರನನ್ನೇ ನೋಡಿದಳು.

“ನನ್ನ ಹೆಸರು ಎಂತ ಹೇಳಿ,” ಎಂದಳು.

ಅವನು ಬಾಯಿ ತೆರೆದ. ನನ್ನ ಕಡೆ ನೋಡಿದ. ನಾನು ಹೇಳಬಹುದಿತ್ತು, ಹೇಳಲಿಲ್ಲ. ಇದೊಂದು ಪ್ರಶ್ನೆಗೆ ಇವನೇ ಬೆವರಲಿ ಎಂದು ಮನಸ್ಸು ಕಲ್ಲು ಮಾಡಿಕೊಂಡೆ.

“ಪಾಸಿನಲ್ಲಿ ಬರೆದುಂಟು,” ಎಂದಳು ಅವಳು. “ಪ್ರತಿ ತಿಂಗಳು ಕೈಯಲ್ಲಿ ಹಿಡಿದು ನೋಡ್ತೀರಿ.”

ಆಗ ಹಿಂದಿನಿಂದ ಅಕ್ಷಿತಾ, ನೆಲ ನೋಡುತ್ತಲೇ, ಮೆಲ್ಲಗೆ ಹೇಳಿದಳು: “ಹರಿಪ್ರಿಯಾ.”

ಅವಳಿಗೆ ಗೊತ್ತಿತ್ತು. ಆ ಹೆಸರನ್ನು ವೀಡಿಯೋದ ಕೆಳಗೆ ಟ್ಯಾಗ್ ಮಾಡಿದವಳು ಅವಳೇ. ಹರಿಪ್ರಿಯಾ ಅವಳನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿತು. ನಾವು ಎದ್ದೆವು. ಬೆಲ್ಲಕ್ಕೆ ಇರುವೆ ಬಂದಿತ್ತು.

ಭಟ್ಟರು ಟಿಸಿಗೆ ಹೋಗಲಿಲ್ಲ. ಹೊರಟು ನಿಂತಾಗ ಮಗಳು ತಡೆದಳು ಎಂದು ತಾಯಿ ಫೋನಿನಲ್ಲಿ ಹೇಳಿದರು. ಅರ್ಧ ವರ್ಷದ ಪರೀಕ್ಷೆ ಹತ್ತಿರ ಬಂತು, ಒಮ್ಮೆ ಹೋಗಿ ನೋಡುತ್ತೇನೆ, ಆಗದಿದ್ದರೆ ನಾನೇ ಹೇಳುತ್ತೇನೆ ಎಂದಳಂತೆ. ಒಮ್ಮೆ ಎಂದರೆ ಒಮ್ಮೆಯೇ ಎಂದು ಭಟ್ಟರು ಒಪ್ಪಿದ್ದಂತೆ.

ಆ ‘ಒಮ್ಮೆ’ ಬಂದ ಬೆಳಿಗ್ಗೆ ನಿಟ್ಟೆಯಲ್ಲಿ ಹತ್ತುವಾಗಲೇ ಬಸ್ಸು ತುಂಬಿತ್ತು. ಬೆಳ್ಮಣ್ ತಿರುವಿನಲ್ಲಿ ಹರಿಪ್ರಿಯಾ ಕಂಡಳು, ಎದೆಗೆ ಚೀಲ ಹಿಡಿದುಕೊಂಡು. ಅವಳು ಕಂಡದ್ದೇ ಬಸ್ಸಿನೊಳಗೆ ಫೋನುಗಳು ಎದ್ದವು. ಒಂದಲ್ಲ ಎರಡಲ್ಲ, ಹಿಂದಿನ ಸೀಟುಗಳೆಲ್ಲ ಕೈ. ಲಗೇಜು ವಾಪಸು ಬಂತು ಎಂಬುದನ್ನು ಮೊದಲು ಹಾಕುವವರು ಯಾರು ಎಂಬ ಅವಸರ. ಅವಳು ಅದನ್ನು ಕೆಳಗಿನಿಂದಲೇ ನೋಡಿದಳು, ಒಂದು ಹೆಜ್ಜೆ ಹಿಂದೆ ಇಟ್ಟಳು.

ಲೀಲಾಧರ ವಿಸಿಲ್ ಬಾಯಿಂದ ತೆಗೆದ. “ಮೌರಿಸ್, ಗಾಡಿ ಆಫ್ ಮಾಡು,” ಎಂದ. ಮೌರಿಸ್ ತಿರುಗಿ ನೋಡಿ ಆಫ್ ಮಾಡಿದ. ಇಷ್ಟು ವರ್ಷ ಆ ಬಸ್ಸಿನ ಇಂಜಿನ್ ದಾರಿಯ ನಡುವೆ ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ.

“ಫೋನುಗಳು ಕಿಸೆಯೊಳಗೆ ಹೋಗದೆ ಬಸ್ಸು ಹೋಗುವುದಿಲ್ಲ,” ಎಂದ.

ಮೊದಲು ನಕ್ಕರು, ತಮಾಷೆ ಎಂದುಕೊಂಡು. ಅವನು ಬಾಗಿಲಲ್ಲಿ ಹಾಗೇ ನಿಂತ. ಆಫೀಸಿಗೆ ಹೋಗುವವರು ಗೊಣಗಿದರು, ಒಬ್ಬರು ಗಡಿಯಾರ ತೋರಿಸಿದರು. ಹಿಂದಿನ ಬಸ್ಸು ಬಂತು, ಉದ್ದಕ್ಕೆ ಹಾರ್ನು ಹೊಡೆದು ನಮ್ಮನ್ನು ಹಿಂದೆ ಹಾಕಿತು. ಅದರ ಕಂಡಕ್ಟರ್ ಬಾಗಿಲಿನಿಂದ ಕೈ ಬೀಸಿ ಏನೋ ಅಣಕಿಸಿ ಹೋದ. ಲೀಲಾಧರನ ಕತ್ತಿನ ನರ ಎದ್ದದ್ದು ನನಗೆ ಕಂಡಿತು, ಆದರೆ ಅವನು ಅಲುಗಲಿಲ್ಲ. ಒಂದೊಂದೇ ಕೈ ಇಳಿಯಿತು. ಅವನು ಮೆಟ್ಟಿಲು ಬಿಟ್ಟು ಕೆಳಗಿಳಿದು ಬದಿಗೆ ನಿಂತ, ಹರಿಪ್ರಿಯಾ ಹತ್ತಿದಳು, ನನ್ನ ಪಕ್ಕ ಕುಳಿತಳು. ಅವಳ ಕೈ ತಣ್ಣಗಿತ್ತು. ಉಡುಪಿಯವರೆಗೆ ಅವನು ಪಾಸು ಕೇಳಲು ನಮ್ಮ ಸೀಟಿನ ಹತ್ತಿರ ಬರಲಿಲ್ಲ.

ನಾನು ಅಂದು ಲ್ಯಾಬಿನಲ್ಲಿ ಖುಷಿಯಲ್ಲಿದ್ದೆ. ಸಂಜೆ ಫೋನ್ ತೆರೆದರೆ ಎಲ್ಲವೂ ಅಲ್ಲಿತ್ತು. ಒಂದು ಕೈ ಇಳಿದಿರಲಿಲ್ಲ, ಸೀಟಿನ ಸಂದಿನಿಂದ ಯಾರೋ ಪೂರ್ತಿ ಹಿಡಿದಿದ್ದರು. ಇಂಜಿನ್ ಆಫ್ ಆದದ್ದು, ಲೀಲಾಧರನ ಮಾತು, ಹಿಂದೆ ಡೊಳ್ಳಿನ ಸದ್ದು, ಮೇಲೆ ‘ಮಾಸ್ ಲೀಲಣ್ಣ’ ಎಂಬ ಬರಹ. ಮೊದಲಿನ ಯಾವುದನ್ನೂ ಅಷ್ಟು ಜನ ನೋಡಿರಲಿಲ್ಲ. ಹೊಗಳಿಕೆಯೇ ಹೊಗಳಿಕೆ. ನಡುನಡುವೆ, ಅವಳು ಚೀಲ ಹಿಡಿದು ಹತ್ತುವ ತುಂಡಿನ ಕೆಳಗೆ, ಮತ್ತೆ ಅದೇ ಮಾತುಗಳು. ಒಳ್ಳೆಯದನ್ನು ಮಾಡಿದರೂ ಅವರಿಗೆ ಅದು ತಿಂಡಿ. ನನಗೆ ಎಲ್ಲಿಯಾದರೂ ಫೋನನ್ನು ಎಸೆದುಬಿಡಬೇಕು ಅನಿಸಿತು, ಎಸೆಯದೆ ಇನ್ನೊಮ್ಮೆ ನೋಡಿದೆ. ನನ್ನ ವಯಸ್ಸಿಗೆ ಹೀಗಾದರೆ ಆ ಮಕ್ಕಳ ಗತಿ ಏನು?

ಮರುದಿನ ನಿಟ್ಟೆಯಲ್ಲಿ ನಾನು ಹತ್ತಿದ್ದೇ ಲೀಲಾಧರ ಹತ್ತಿರ ಬಂದ. ಹುಡುಗರು ಕಾರ್ಕಳದಲ್ಲೇ ಅವನಿಗೆ ಅಭಿನಂದನೆ ಹೇಳಿ ಆಗಿತ್ತು. ಅವನು ವೀಡಿಯೋ ನೋಡಿರಲಿಲ್ಲ.

“ಅವಳ ಮುಖ ಕಾಣ್ತದಾ ಅಕ್ಕ?” ಎಂದು ಕೇಳಿದ.

“ಕಾಣ್ತದೆ,” ಎಂದೆ.

ಅವನು ಚಿಲ್ಲರೆ ಚೀಲದೊಳಗೆ ಕೈ ಹಾಕಿ ನಾಣ್ಯಗಳನ್ನು ಸುಮ್ಮನೆ ಆಡಿಸಿದ. ಮುಂದಿನ ಬಾಗಿಲಿಗೆ ಹೋದ, ಹಿಂದಿನ ಬಾಗಿಲಿಗೆ ಬಂದ. ಬೆಳ್ಮಣ್ ಹತ್ತಿರವಾಗುತ್ತಿದ್ದ ಹಾಗೆ ಹೊರಗೆ ಬಾಗಿ ನೋಡತೊಡಗಿದ. ಸ್ಟಾಪಿನಲ್ಲಿ ಮೀನಿನ ಬುಟ್ಟಿಯ ಇಬ್ಬರು ಹೆಂಗಸರು, ಒಬ್ಬ ಮುದುಕ. ಅಷ್ಟೇ. ಅವರು ಹತ್ತಿ ಆಯಿತು. ಅವನು ವಿಸಿಲ್ ಬಾಯಿಗೆ ಇಡಲಿಲ್ಲ. ಹೋಗುವುದಲ್ವಾ ಎಂದು ಮೌರಿಸ್ ಮುಂದಿನಿಂದ ಕೇಳಿದ. ಒಂದು ನಿಮಿಷ ಎಂದ.

ಅಂಗಡಿಯ ಬದಿಯ ಓಣಿಯಿಂದ ಅವಳು ಬಂದಳು. ಓಡಲಿಲ್ಲ, ನಡೆದೇ ಬಂದಳು. ಎದೆಗೆ ಚೀಲ. ಹತ್ತಿ, ನನ್ನ ಪಕ್ಕ ಕುಳಿತು, ಚೀಲವನ್ನು ಸರಿಯಾಗಿ ತೊಡೆಯ ಮೇಲಿಟ್ಟಳು. ಕಣ್ಣು ಊದಿಕೊಂಡಿತ್ತು. ಎಲ್ಲವನ್ನೂ ನೋಡಿಯೇ ಬಂದಿದ್ದಳು. ಹಿಂದಿನಿಂದ ಯಾರೋ ಮೆಲ್ಲಗೆ ಬೀಪ್ ಎಂದರು, ಯಾರೋ ಅದುಮಿಕೊಂಡು ನಕ್ಕರು.

ಅವಳು ಪಾಸನ್ನು ತೆಗೆದು ಮುಂದೆ ಚಾಚಿ ಹಿಡಿದಳು. ಲೀಲಾಧರ ಬಂದು ಅದನ್ನು ತೆಗೆದುಕೊಂಡು, ತುಟಿ ಅಲುಗಿಸಿ ಅಕ್ಷರ ಅಕ್ಷರ ಓದಿ, ವಾಪಸು ಕೊಟ್ಟ. ಅವಳು ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅದರಲ್ಲಿ ದುಡ್ಡಿತ್ತು.

“ಲಗೇಜಿಗೆ ಟಿಕೆಟ್ ಕೊಡಿ,” ಎಂದಳು.

“ಬೇಡ ಹರಿಪ್ರಿಯಾ,” ಎಂದ ಅವನು. ಆ ಹೆಸರು ಅವನ ಬಾಯಿಗೆ ಇನ್ನೂ ಪಳಗಿರಲಿಲ್ಲ. “ಹಪ್ಪಳಕ್ಕೆ ಎಂತ ಟಿಕೆಟ್.”

“ಬೇಕು.” ಗಟ್ಟಿಯಾಗಿ ಹೇಳಲಿಲ್ಲ, ಆದರೆ ಬಸ್ಸು ನಿಂತಿತ್ತು, ಹಿಂದಿನ ಸೀಟಿಗೂ ಕೇಳಿತು. “ಇದು ಲಗೇಜು. ಇದಕ್ಕೆ ಟಿಕೆಟ್ ಕೊಡಿ. ನಾನು ಬೇರೆ, ಲಗೇಜು ಬೇರೆ.”

ಹಿಂದೆ ನಗೆ ನಿಂತಿತು. ಲೀಲಾಧರ ಟಿಕೆಟ್ ಮಿಷನ್ನಿನ ಮೇಲೆ ಬಗ್ಗಿದ. ಲಗೇಜಿನ ಬಟನ್ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಒಂದು ದಿನವೂ ಒತ್ತಿದವನಲ್ಲ. ಎರಡು ಸಲ ತಪ್ಪು ಒತ್ತಿದ. ಕೊನೆಗೆ ಚೀಟಿ ಹೊರಗೆ ಬಂತು. ಅವಳು ಅದನ್ನು ಮಡಚಿ, ಚೀಲದ ಹಿಡಿಯ ಸುತ್ತ ಕಟ್ಟಿದ ದಾರಕ್ಕೆ ಸಿಕ್ಕಿಸಿದಳು. ಪಾಸನ್ನು ತನ್ನ ಪರ್ಸಿನೊಳಗೆ ಇಟ್ಟಳು. ಫೋನ್ ತೆಗೆಯಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

ಹೋಗುವುದಾ ಎಂದು ಮೌರಿಸ್ ಮತ್ತೆ ಕೇಳಿದ. ಲೀಲಾಧರ ಹಿಂದಿನ ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ಯಾರ ಕಾಲೂ ಇಲ್ಲವೆಂದು ಬಗ್ಗಿ ನೋಡಿ, ಆಮೇಲೆ ವಿಸಿಲ್ ಊದಿದ.